ಮೂರನೇ ಮಹಡಿಯ ಯೊಂಗ್‌ದೊ

ಕೊರಿಯಾ ದೇಶದ ಬುಸಾನ್ ಎಂಬ ಬಂದರು ನಗರದಲ್ಲಿ ಯೊಂಗ್‌ದೊ ಎಂಬ ಒಂದು ಭಾಗವಿದೆ. ನಗರದ ಅಂಚಿಗೆ ಅಂಟಿಕೊಂಡಿರುವ ದ್ವೀಪ ಅದು. ನಡುವೆ ಒಂದು ಬೆಟ್ಟ, ಬೆಟ್ಟದ ಸುತ್ತ ಇಳಿಜಾರಿನಲ್ಲಿ ಒತ್ತೊತ್ತಾಗಿ ಕುಳಿತ ಮನೆಗಳು, ಕೆಳಗೆ ಹಡಗು ಕಟ್ಟುವ ಅಂಗಳಗಳು, ನಗರಕ್ಕೂ ದ್ವೀಪಕ್ಕೂ ನಡುವೆ ಒಂದು ಹಳೆಯ ಸೇತುವೆ. ನಾನು ಅಲ್ಲಿಗೆ ಹೋಗಿಲ್ಲ. ಹೋಗುವ ಆಸೆಯೂ ಇಲ್ಲ. ಆದರೆ ಮಲಗಿದವಳನ್ನು ಎಬ್ಬಿಸಿ ಕೇಳಿದರೂ ಅದರ ಚರಿತ್ರೆಯನ್ನು ತಡವರಿಸದೆ ಹೇಳಬಲ್ಲೆ. ನನ್ನ ಅಪ್ಪ ಹುಟ್ಟಿ ಬೆಳೆದ ಮೈಸೂರಿನಲ್ಲಿ ನನ್ನನ್ನು ಒಂದು ಸರ್ಕಲ್ಲಿನಲ್ಲಿ ನಿಲ್ಲಿಸಿದರೆ ದಿಕ್ಕು ತೋಚದೆ ಆಟೊದವನ ಮುಖ ನೋಡುತ್ತೇನೆ. ಯೊಂಗ್‌ದೊ ಸೇತುವೆಯ ಕೆಳಗೆ ಯಾರು ಯಾರು ಕೂರುತ್ತಿದ್ದರು ಎಂಬುದನ್ನು ಮಾತ್ರ ಬಾಯಿಪಾಠ ಒಪ್ಪಿಸಬಲ್ಲೆ. ಇದು ಪ್ರೀತಿಯಿಂದ ಕಲಿತ ವಿದ್ಯೆಯಲ್ಲ, ಅಪ್ಪಟ ಹೊಟ್ಟೆಕಿಚ್ಚಿನಿಂದ ಕಲಿತದ್ದು. ಹಿಂದೆ ಹಡಗು ಬಂದಾಗ ಮೇಲೇಳುತ್ತಿದ್ದ ಆ ಸೇತುವೆ ಎಷ್ಟೋ ವರ್ಷ ಏಳದೆ ಬಿದ್ದಿತ್ತು. ಈಗ ಹೊಸದಾಗಿ ಕಟ್ಟಿದ್ದಾರಂತೆ, ಮತ್ತೆ ಏಳುತ್ತದಂತೆ. ಹೋದ ವಾರ ಯಾರೋ ಫೋನಿಗೆ ಕಳಿಸಿದ ವಿಡಿಯೋದಲ್ಲಿ ನೋಡಿದೆ. ನನ್ನ ತಲೆ ಅರ್ಧ ನರೆತಿದೆ, ಮಗಳು ಕಾಲೇಜಿಗೆ ಹೋಗುತ್ತಾಳೆ, ಆದರೂ ಆ ಸೇತುವೆ ಮೆಲ್ಲಗೆ ಎದ್ದು ನಿಂತದ್ದನ್ನು ಕಂಡು ನನ್ನ ಹೊಟ್ಟೆ ಉರಿಯಿತು.

ಆಗ ನಾವಿದ್ದದ್ದು ನೈರೋಬಿಯ ಹೈರಿಡ್ಜ್‌ನಲ್ಲಿ, ಲಿಫ್ಟ್ ಇಲ್ಲದ ಕಟ್ಟಡದ ಮೂರನೇ ಮಹಡಿಯಲ್ಲಿ. ಅಪ್ಪ ಪಾರ್ಕ್‌ಲ್ಯಾಂಡ್ಸ್‌ನ ಆಸ್ಪತ್ರೆಯಲ್ಲಿ ಡಾಕ್ಟರ್. ಅಮ್ಮ ದೂರದ ಕರೆನ್‌ನಲ್ಲಿ ಗಣಿತದ ಟೀಚರ್. ಬೆಳಗಿನ ಟ್ರಾಫಿಕ್ಕಿಗೆ ಹೆದರಿ ನಾನು ಹಲ್ಲುಜ್ಜುವ ಮೊದಲೇ ಕಾರು ಹತ್ತಿ ಹೊರಟುಬಿಡುತ್ತಿದ್ದಳು. ಮನೆಯಲ್ಲಿ ಎರಡು ಮಲಗುವ ಕೋಣೆ, ಒಂದು ಹಾಲ್, ಉದ್ದನೆಯ ಅಡುಗೆಮನೆ, ಅಡುಗೆಮನೆಯಾಚೆ ಕಬ್ಬಿಣದ ಜಾಲರಿ ಹಾಕಿದ ಬಾಲ್ಕನಿ. ಜಾಲರಿ ಕಳ್ಳರಿಗಾಗಿ ಅಲ್ಲ, ಸಿಟಿ ಪಾರ್ಕ್‌ನ ಕಾಡಿನಿಂದ ಬರುವ ಕೋತಿಗಳಿಗಾಗಿ. ಮೈಸೂರಿನ ಮನೆ ಮಾರಾಟವಾಗಿ ಅಜ್ಜಿ, ಅಂದರೆ ಅಪ್ಪನ ಅಮ್ಮ, ನಮ್ಮ ಜೊತೆ ಇರಲು ಬಂದಾಗ ನನ್ನ ಕೋಣೆಯೇ ಅವಳ ಕೋಣೆಯಾಯಿತು. ಕಿಟಕಿಯ ಪಕ್ಕದ ನನ್ನ ಮಂಚ ಅವಳಿಗೆ ಹೋಯಿತು, ನನಗೆ ಮಡಿಸುವ ಮಂಚ ಬಂತು. ನನ್ನ ಆಟಿಕೆಗಳ ಕಪಾಟನ್ನು ಖಾಲಿ ಮಾಡಿ ಅದರಲ್ಲಿ ದೇವರನ್ನು ಕೂರಿಸಿದರು. ಇಷ್ಟಕ್ಕೂ ನಾನು ತುಟಿ ಪಿಟಕ್ಕೆನ್ನಲಿಲ್ಲ. ಶಾಲೆಯಿಂದ ಬಂದರೆ ಬಾಗಿಲು ತೆಗೆಯಲು ನನ್ನದೇ ರಕ್ತದ ಒಬ್ಬರು ಇದ್ದಾರೆ ಎಂಬುದೇ ನನಗೆ ದೊಡ್ಡ ಸಂಭ್ರಮವಾಗಿತ್ತು. ಅದುವರೆಗೆ ಬಾಗಿಲು ತೆಗೆಯುತ್ತಿದ್ದದ್ದು ಮನೆಗೆಲಸದ ಮುತೋನಿ. ಅವಳು ಒಳ್ಳೆಯವಳೇ, ಆದರೆ ಅವಳಿಗೆ ತನ್ನದೇ ಮಕ್ಕಳಿದ್ದರು, ಅವಳ ಮನಸ್ಸೆಲ್ಲ ಅವರ ಮೇಲೇ ಇರುತ್ತಿತ್ತು.

ತೊಡಕು ಇದ್ದದ್ದು ಮಾತಿನಲ್ಲಿ. ಅಜ್ಜಿಗೆ ಇಂಗ್ಲಿಷ್ ಒಂದಕ್ಷರ ಬಾರದು. ಸ್ವಾಹಿಲಿಯಲ್ಲಿ ‘ಸವಾ’, ಅಂದರೆ ಸರಿ, ಎಂಬ ಒಂದೇ ಮಾತನ್ನು ಕಲಿತು ಅದನ್ನೇ ಹಾಲಿನವನಿಗೂ ಮುತೋನಿಗೂ ಎಲ್ಲದಕ್ಕೂ ಬಳಸುತ್ತಿದ್ದಳು. ನನಗೆ ಕನ್ನಡ ಪೂರ್ತಿ ಅರ್ಥವಾಗುತ್ತಿತ್ತು, ಆದರೆ ಬಾಯಿಂದ ಬರುತ್ತಿದ್ದದ್ದು ಇಂಗ್ಲಿಷ್. ನೈರೋಬಿಯಲ್ಲಿ ಬೆಳೆದ ನಮ್ಮವರ ಮಕ್ಕಳೆಲ್ಲ ಹಾಗೆಯೇ ಇದ್ದರು, ಯಾರಿಗೂ ಅದು ಕೊರತೆ ಅನ್ನಿಸಿರಲಿಲ್ಲ. ಅಜ್ಜಿ ಊಟಕ್ಕೆ ಕರೆದರೆ ನಾನು ‘ಲೇಟರ್, ಅಜ್ಜಿ’ ಎನ್ನುತ್ತಿದ್ದೆ. ಶಾಲೆಯಲ್ಲಿ ಏನಾಯಿತು ಎಂದು ಕೇಳಿದರೆ ಒಂದು ಉದ್ದ ಕಥೆಯನ್ನೇ ಇಂಗ್ಲಿಷಿನಲ್ಲಿ ಹೇಳುತ್ತಿದ್ದೆ, ಅವಳು ತಲೆಯಾಡಿಸುತ್ತಿದ್ದಳು. ಸಂಜೆ ಅಮ್ಮ ಬಂದ ಮೇಲೆ, ಇವಳು ಮಧ್ಯಾಹ್ನ ಏನೋ ಹೇಳಿದಳು, ಏನದು ಎಂದು ಕೇಳುತ್ತಿದ್ದಳಂತೆ. ಅಷ್ಟು ಹೊತ್ತಿಗೆ ನಾನು ಏನು ಹೇಳಿದ್ದೆ ಎಂಬುದು ನನಗೇ ಮರೆತುಹೋಗಿರುತ್ತಿತ್ತು.

ಇನ್ನೊಂದು ತೊಡಕು ಊರಿನದು. ತಿಂಗಳಿಗೊಮ್ಮೆ ಕನ್ನಡದವರೆಲ್ಲ ಒಬ್ಬರ ಮನೆಯಲ್ಲಿ ಸೇರುತ್ತಿದ್ದರು. ಚಪ್ಪಲಿ ಬಿಡುವುದಕ್ಕೆ ಮೊದಲೇ ಕೇಳುವ ಪ್ರಶ್ನೆ ಒಂದೇ: ನಿಮ್ಮೂರು ಯಾವುದು? ಬೆಂಗಳೂರಿನಿಂದ ಕಂಪನಿ ಕೆಲಸಕ್ಕೆ ಬಂದವರ ಮಕ್ಕಳು ಜಯನಗರ, ಮಲ್ಲೇಶ್ವರ ಎನ್ನುತ್ತಿದ್ದರು. ಹಳೆಯ ಡಾಕ್ಟರುಗಳ ಮಕ್ಕಳು ಉಡುಪಿ, ಮಂಗಳೂರು ಎನ್ನುತ್ತಿದ್ದರು. ನಾನು ಇಲ್ಲೇ ಹುಟ್ಟಿದವಳು, ನೈರೋಬಿ ಎಂದರೆ ನಕ್ಕು, ‘ಅದಲ್ಲ ಪುಟ್ಟಿ, ನಿಜವಾದ ಊರು’ ಎಂದು ಗಲ್ಲ ಹಿಂಡುತ್ತಿದ್ದರು. ಮೈಸೂರು ಎಂದು ಹೇಳಲು ಅಮ್ಮ ಕಲಿಸಿಕೊಟ್ಟಳು. ಹೇಳಿದೆ. ಆದರೆ ಅಲ್ಲಿನ ನೆನಪೆಂದರೆ ಒಂದು ಸಲ ಹೋಗಿದ್ದಾಗ ವಾಂತಿ ಮಾಡಿಕೊಂಡದ್ದು, ಯಾರದೋ ಮದುವೆಯಲ್ಲಿ ರೇಷ್ಮೆ ಲಂಗ ಚುಚ್ಚಿದ್ದು. ಅಜ್ಜಿ ಬಂದಾಗ ಇವಳಿಂದ ನನಗೆ ಊರು ಸಿಗುತ್ತದೆ ಅಂದುಕೊಂಡಿದ್ದೆ. ಟೆಲ್ ಮಿ ಅಬೌಟ್ ಮೈಸೂರು ಎಂದು ದುಂಬಾಲು ಬಿದ್ದೆ. ಅಮ್ಮ ಅದನ್ನು ಕನ್ನಡದಲ್ಲಿ ಹೇಳಿದಳು. ಅಜ್ಜಿ ಹುರುಳಿಕಾಯಿ ಹೆಚ್ಚುತ್ತ, ಅದೇನಿದೆ ಹೇಳೋಕೆ, ಇತ್ತು, ಬಿಟ್ಟು ಬಂದೆ ಎಂದು ಮಾತು ಮುಗಿಸಿದಳು. ಎಷ್ಟು ಸಲ ಕೇಳಿದರೂ ಅದೇ ಉತ್ತರ. ಊರು ಇದ್ದವರು ಕೊಡಲಿಲ್ಲ ಎಂಬ ಸಿಟ್ಟು ನನ್ನೊಳಗೆ ಆಗಲೇ ಬೇರು ಬಿಟ್ಟಿತ್ತು.

ಅಂಥ ಹೊತ್ತಿನಲ್ಲಿ ನಮ್ಮ ಕೆಳಗಿನ ಮಹಡಿಗೆ ಸೊಮಿನ್ ಬಂದಳು. ಅವಳ ಅಪ್ಪ ಅಮ್ಮ ಕೊರಿಯಾದವರು, ಚೌರಿಯ ವ್ಯಾಪಾರ ಮಾಡಲು ಬಂದಿದ್ದರು. ನೈರೋಬಿಯ ಹೆಂಗಸರ ಜಡೆಗೆ ಸೇರಿಸುವ ಕೂದಲು ಅವರ ಅಂಗಡಿಯಲ್ಲಿ ಬಣ್ಣಬಣ್ಣವಾಗಿ ತೂಗುತ್ತಿತ್ತು. ಇಬ್ಬರೂ ಮನೆಗೆ ಬರುವುದು ಕತ್ತಲಾದ ಮೇಲೆ. ಒಂದು ಭಾನುವಾರ ಮೆಟ್ಟಿಲ ಮೇಲೆ ಸಿಕ್ಕ ಆ ತಾಯಿಯ ಕಷ್ಟ ಕೇಳಿ ಅಮ್ಮ ಅಲ್ಲೇ ಮಾತು ಕೊಟ್ಟು ಬಂದಳು: ಮಗು ಶಾಲೆ ಮುಗಿಸಿ ನಮ್ಮ ಮನೆಯಲ್ಲಿರಲಿ, ನಮ್ಮ ಅತ್ತೆ ಇದ್ದಾರೆ, ನಮ್ಮ ಮಗಳು ನಂದಿತಾಗೂ ಕಂಪನಿ ಆಗುತ್ತದೆ. ನನ್ನನ್ನು ಒಂದು ಮಾತು ಕೇಳಲಿಲ್ಲ. ಸೊಮಿನ್ ನನ್ನ ತರಗತಿಯವಳೇ. ಅವಳಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಶಾಲೆಯಲ್ಲಿ ಶೌಚಾಲಯ ತೋರಿಸುವುದರಿಂದ ಹಿಡಿದು ಪೆನ್ಸಿಲ್ ಕೊಡುವವರೆಗೆ ಎಲ್ಲ ನನ್ನ ತಲೆಗೇ ಬಂತು. ಮನೆಗೆ ಬಂದ ಮೊದಲ ದಿನ ಅವಳು ಅಡುಗೆಮನೆಯ ನೆಲದಲ್ಲಿ ಅಜ್ಜಿಯ ಪಕ್ಕ ಚಕ್ಕಲಮಕ್ಕಲ ಹಾಕಿ ಕೂತು, ನಾನು ಮೂಗು ಮುರಿಯುತ್ತಿದ್ದ ಉಪ್ಪಿಟ್ಟನ್ನು ತಟ್ಟೆ ಬಳಿದು ತಿಂದು, ಮತ್ತೆ ತಟ್ಟೆ ಚಾಚಿದಳು. ಅಜ್ಜಿಯ ಮುಖ ಅರಳಿದ್ದನ್ನು ನಾನು ಬಾಗಿಲಲ್ಲಿ ನಿಂತು ನೋಡಿದೆ.

ಇಂಗ್ಲಿಷ್ ಬಾರದ ಇಬ್ಬರು ಒಂದು ಅಡುಗೆಮನೆಯಲ್ಲಿ ಸೇರಿದರೆ ಏನಾಗಬೇಕೋ ಅದೇ ಆಯಿತು. ಸಾಕು, ಬೇಕು, ಬಿಸಿ, ತಣ್ಣಗೆ ಎಂದು ಶುರುವಾದದ್ದು ಆ ವರ್ಷದ ಶಾಲೆ ಮುಗಿಯುವ ಹೊತ್ತಿಗೆ ಸೊಮಿನ್ ಅಜ್ಜಿಯ ಜೊತೆ ಲೊಡಲೊಡ ಮಾತಾಡುವಷ್ಟಾಯಿತು. ಅವರ ಭಾಷೆಯಲ್ಲಿಯೂ ಕ್ರಿಯಾಪದ ಕೊನೆಗೇ ಬರುವುದಂತೆ, ಹಾಗಾಗಿ ಅವಳಿಗೆ ವಾಕ್ಯ ಕಟ್ಟುವುದು ಸಲೀಸು. ಸಾಲದ್ದಕ್ಕೆ ಅವರೂ ತಾಯಿಯನ್ನು ಒಮ್ಮ, ತಂದೆಯನ್ನು ಅಪ್ಪ ಎನ್ನುತ್ತಾರೆ. ಇದು ಗೊತ್ತಾದ ದಿನ ಅಜ್ಜಿಗೆ ಹಿಡಿಸಲಾರದಷ್ಟು ಆನಂದ. ನೋಡೇ ಅವರೂ ಅಪ್ಪ ಅಂತಾರೆ, ನೀನು ಡ್ಯಾಡಿ ಅಂತೀಯ ಎಂದು ನನಗೆ ಚುಚ್ಚಿದಳು. ನಾನು ಮನೆಯಲ್ಲಿ ಎಂದೂ ಡ್ಯಾಡಿ ಎಂದವಳಲ್ಲ, ಶಾಲೆಯ ಗೇಟಿನಲ್ಲಿ ಮಾತ್ರ ಅನ್ನುತ್ತಿದ್ದೆ. ಸೊಮಿನ್ ಕಲಿತದ್ದು ಅರವತ್ತು ದಾಟಿದ ಹೆಂಗಸಿನ ಕನ್ನಡ. ಮೆಟ್ಟಿಲು ಹತ್ತಿ ಬಂದು, ‘ಅಯ್ಯೋ ಶಿವನೇ, ಮಂಡಿ ಹಿಡ್ಕೊಂತು’ ಎಂದು ಉಸಿರು ಬಿಡುತ್ತಿದ್ದಳು. ಬಂದ ನೆಂಟರೆಲ್ಲ ಬಿದ್ದು ಬಿದ್ದು ನಗುತ್ತಿದ್ದರು, ಅಪ್ಪ ಅವಳನ್ನು ಕರೆದು ಕರೆದು ಮಾತಾಡಿಸಿ ತೋರಿಸುತ್ತಿದ್ದ. ಆಮೇಲೆ ಎಲ್ಲರೂ ನನ್ನ ಕಡೆ ತಿರುಗಿ, ನೋಡು, ನೀನೂ ಇದ್ದೀಯ ಎನ್ನುವಂತೆ ಒಂದು ನೋಟ ನೋಡುತ್ತಿದ್ದರು. ಆ ನೋಟಕ್ಕೆ ನಾನು ಇನ್ನಷ್ಟು ಹಟದಿಂದ ಇಂಗ್ಲಿಷ್ ಆಡುತ್ತಿದ್ದೆ.

ಒಂದು ಮಧ್ಯಾಹ್ನ ಅಜ್ಜಿ ಅವಳನ್ನು ಆ ಪ್ರಶ್ನೆ ಕೇಳಿದಳು: ನಿಮ್ಮೂರು ಯಾವುದೇ? ನಾನು ಪುಸ್ತಕದಿಂದ ತಲೆಯೆತ್ತಿ ಕಾದೆ. ಈಗ ಇವಳೂ ನನ್ನ ಹಾಗೆ ತಬ್ಬಿಬ್ಬಾಗುತ್ತಾಳೆ, ಅಜ್ಜಿ ನಗುತ್ತಾಳೆ ಎಂದು ಒಳಗೊಳಗೇ ಹಿಗ್ಗಿದೆ. ಸೊಮಿನ್ ತಬ್ಬಿಬ್ಬಾಗಲಿಲ್ಲ. ನನ್ನ ಕ್ರೇಯಾನ್ ಡಬ್ಬಿಯನ್ನೇ ಎಳೆದುಕೊಂಡು ಒಂದು ಹಾಳೆಯಲ್ಲಿ ದ್ವೀಪ ಬರೆದಳು, ಬೆಟ್ಟ ಬರೆದಳು, ಬಾಯಿ ತೆರೆದ ಹಾಗೆ ನಡುವೆ ಎತ್ತಿದ ಸೇತುವೆ ಬರೆದಳು. ಅಜ್ಜಿ ಹೆಚ್ಚುತ್ತಿದ್ದ ತರಕಾರಿಯನ್ನು ಪಕ್ಕಕ್ಕೆ ತಳ್ಳಿ, ಕೈಯನ್ನು ಸೆರಗಿಗೆ ಒರೆಸಿಕೊಂಡು, ಗೋಡೆಗೆ ಒರಗಿ ಕುಳಿತಳು. ನನ್ನ ಯಾವ ಮಾತಿಗೂ ಅವಳು ಹಾಗೆ ಕುಳಿತದ್ದಿಲ್ಲ. ಅವತ್ತಿನಿಂದ ದಿನಾ ಮಧ್ಯಾಹ್ನ ನಮ್ಮ ಅಡುಗೆಮನೆಯಲ್ಲಿ ಯೊಂಗ್‌ದೊ ಶುರು. ಹಿಂದಿನ ಕಾಲದಲ್ಲಿ ಅಲ್ಲಿ ರಾಜರ ಕುದುರೆಗಳನ್ನು ಸಾಕುತ್ತಿದ್ದರಂತೆ, ಅವು ಎಷ್ಟು ಜೋರಾಗಿ ಓಡುತ್ತಿದ್ದವೆಂದರೆ ನೆರಳು ಕತ್ತರಿಸಿ ಹಿಂದೆ ಬೀಳುತ್ತಿತ್ತಂತೆ; ದ್ವೀಪದ ಹೆಸರೇ ಅದರಿಂದ ಬಂದದ್ದಂತೆ. ಆ ದೇಶದಲ್ಲಿ ಗೆಣಸನ್ನು ಮೊಟ್ಟಮೊದಲು ನೆಟ್ಟದ್ದು ತಮ್ಮೂರಿನ ಇಳಿಜಾರಿನಲ್ಲೇ ಎಂದು ಅವಳು ಎದೆಯುಬ್ಬಿಸಿ ಹೇಳುತ್ತಿದ್ದಳು. ಹಡಗಿನ ಅಂಗಳಗಳಲ್ಲಿ ಹೆಂಗಸರು ಹಗ್ಗಕ್ಕೆ ಕಟ್ಟಿದ ಹಲಗೆಯ ಮೇಲೆ ಕೂತು, ಹಡಗಿನ ಹೊಟ್ಟೆಗೆ ಹಿಡಿದ ತುಕ್ಕನ್ನೂ ಚಿಪ್ಪನ್ನೂ ಸುತ್ತಿಗೆಯಿಂದ ಕುಟ್ಟಿ ಕುಟ್ಟಿ ಉದುರಿಸುತ್ತಿದ್ದರಂತೆ. ಊರಿಗೆಲ್ಲ ಹಗಲಿಡೀ ಕಾಂಗ್ ಕಾಂಗ್ ಎಂಬ ಸದ್ದು. ಸೊಮಿನ್‌ಳ ಅಜ್ಜಿ ಅಂಥ ಕೆಲಸದವಳು, ಆ ಸದ್ದಿಗೇ ಅವಳ ಕಿವಿ ಹೋಗಿತ್ತು. ಇದನ್ನು ಕೇಳಿ ನಮ್ಮಜ್ಜಿ, ಆ ಹೆಂಗಸರಿಗೆ ಕೂಲಿ ಸರಿಯಾಗಿ ಕೊಡುತ್ತಿದ್ದರಾ ಎಂದು ಕೇಳಿದಳು.

ನಾನು ಎದ್ದು ಹೋಗಬಹುದಿತ್ತು. ಹೋಗಲಿಲ್ಲ. ಹೋಂವರ್ಕಿನ ನೆಪದಲ್ಲಿ ಅಲ್ಲೇ ಕೂತು ಒಂದೊಂದು ಮಾತನ್ನೂ ನೆನಪಿಟ್ಟುಕೊಂಡೆ. ಎಲ್ಲಾದರೂ ಅವಳು ತಪ್ಪಿ ಬೀಳಲಿ, ಹಿಡಿಯೋಣ ಎಂಬುದೊಂದೇ ಉದ್ದೇಶ. ಹಿಡಿದೆ ಕೂಡ. ಸೇತುವೆ ಏಳುವುದನ್ನು ಅವಳು ಕಣ್ಣಾರೆ ಕಂಡಿರಲೇ ಇಲ್ಲ, ಅವಳು ಹುಟ್ಟುವುದಕ್ಕೆ ಎಷ್ಟೋ ಮೊದಲೇ ಅದು ಏಳುವುದು ನಿಂತುಹೋಗಿತ್ತು ಎಂಬುದು ಅವಳ ಮಾತಿನಿಂದಲೇ ಹೊರಬಿತ್ತು. ಸುಳ್ಳುಗಾರ್ತಿ ಎಂದು ಇಂಗ್ಲಿಷಿನಲ್ಲಿ ಕೂಗಿ, ಅಜ್ಜಿಗೆ ಅರ್ಥವಾಗಲೆಂದು ಕೈಯಲ್ಲಿ ಸೇತುವೆ ಮಾಡಿ ಇಲ್ಲ ಇಲ್ಲ ಎಂದು ಆಡಿಸಿ ತೋರಿಸಿದೆ. ಅಜ್ಜಿ ನನ್ನನ್ನೇ ಗದರಿದಳು. ಅವರಜ್ಜಿ ನೋಡಿದ್ದಾಳೆ, ನೋಡಿದವಳು ಮೊಮ್ಮಗಳಿಗೆ ಹೇಳಿದ್ದಾಳೆ, ಅಷ್ಟು ಸಾಲದಾ ಎಂದಳು. ಇದನ್ನು ಬೇರೆ ಯಾರಾದರೂ ಹೇಳಿದ್ದರೆ ಸಹಿಸಿಕೊಳ್ಳುತ್ತಿದ್ದೆನೇನೋ. ಮೊಮ್ಮಗಳಿಗೆ ಒಂದು ಬೀದಿಯ ಹೆಸರನ್ನೂ ಹೇಳದವಳು ಹೇಳಿದಳಲ್ಲ ಎಂದು ಮೈಯೆಲ್ಲ ಪರಚಿಕೊಳ್ಳುವ ಹಾಗಾಯಿತು.

ಎಲ್ಲಕ್ಕಿಂತ ಹೆಚ್ಚು ಉರಿಸಿದ್ದು ಬೆಟ್ಟದ ಅಜ್ಜಿ. ಯೊಂಗ್‌ದೊ ನಡುವಿನ ಬೆಟ್ಟದಲ್ಲಿ ಒಬ್ಬ ಹಾಲ್ಮೆ ಇದ್ದಾಳಂತೆ. ಹಾಲ್ಮೆ ಎಂದರೆ ಅಜ್ಜಿ. ದ್ವೀಪದಲ್ಲಿರುವವರನ್ನು ಅವಳು ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಾಳೆ, ಬಿಟ್ಟು ಹೋಗುವವರನ್ನು ಕಂಡರೆ ಅವಳಿಗಾಗದು. ಹೋದವರಿಗೆ ಏಳಿಗೆಯಾಗುವುದಿಲ್ಲ. ಅದಕ್ಕೇ ಮನೆ ಬದಲಾಯಿಸುವವರು ಅವಳಿಗೆ ಕಾಣದಂತೆ ಹೊರಡುತ್ತಾರಂತೆ, ಆ ಬೆಟ್ಟ ಕಾಣದ ಕಡೆ ಮನೆ ಹಿಡಿಯುತ್ತಾರಂತೆ. ಸೊಮಿನ್‌ಳ ತಾಯಿ ಭಾನುವಾರ ತಪ್ಪದೆ ಚರ್ಚಿಗೆ ಹೋಗುವವಳು, ಆದರೂ ಚೌರಿಯ ವ್ಯಾಪಾರ ಸೊರಗಿದಾಗಲೆಲ್ಲ, ನಾವು ಹಾಡುಹಗಲಲ್ಲಿ ಹೊರಟು ಬಂದೆವು, ಹಾಲ್ಮೆ ನೋಡಿಬಿಟ್ಟಳು ಎಂದು ಹಲುಬುತ್ತಿದ್ದಳು. ಅಜ್ಜಿ ಇದನ್ನು ತುಂಬಾ ಗಂಭೀರವಾಗಿ ತೆಗೆದುಕೊಂಡಳು. ಬೆಟ್ಟದ ಮೇಲಿರುವ ಹೆಣ್ಣುದೇವತೆಯ ಸ್ವಭಾವ ಮೈಸೂರಿನವಳಾದ ತನಗೆ ಗೊತ್ತು, ಅವಳನ್ನು ಸಮಾಧಾನ ಮಾಡದೆ ಬಿಟ್ಟದ್ದು ತಪ್ಪು ಎಂದಳು. ಸೊಮಿನ್ ಬರೆದ ಬೆಟ್ಟದ ಚಿತ್ರವನ್ನು ಕತ್ತರಿಸಿ, ದೇವರ ಕಪಾಟಿನಲ್ಲಿ ಚಾಮುಂಡಿಯ ಪಟದ ಪಕ್ಕ ಇಟ್ಟು, ಅರಿಶಿನ ಕುಂಕುಮ ಹಚ್ಚಿದಳು. ಮುತೋನಿ ಮಾರ್ಕೆಟ್ಟಿನಿಂದ ತಂದ ಗೆಣಸನ್ನು ಬೇಯಿಸಿ, ಬೆಲ್ಲ ಕಾಯಿತುರಿ ಹಾಕಿ, ಪ್ರತಿ ಶುಕ್ರವಾರ ಬೆಟ್ಟದಜ್ಜಿಗೆ ನೈವೇದ್ಯ. ಗೆಣಸಿಗೆ ಬೆಲ್ಲ ಹಾಕಿ ಕೆಡಿಸುವುದು ಯಾಕೆ ಎಂಬ ಮುತೋನಿಯ ಪ್ರಶ್ನೆಗೆ ಅಜ್ಜಿ ‘ಸವಾ’ ಎಂದಳು. ಆಟಿಕೆಗಳ ಕಪಾಟು ಕೊಟ್ಟವಳು ನಾನು, ಕ್ರೇಯಾನ್ ನನ್ನವು, ಹಾಳೆ ನನ್ನ ನೋಟ್‌ಬುಕ್ಕಿನದು. ನಾನು ಬರೆದ ಚಿತ್ರಗಳನ್ನು ಅಮ್ಮ ಫ್ರಿಜ್ಜಿಗೆ ಅಂಟಿಸುತ್ತಿದ್ದಳು, ಅವು ಸಾಂಬಾರಿನ ಆವಿಗೆ ಸುರುಟಿಕೊಳ್ಳುತ್ತಿದ್ದವು. ಅವಳ ಚಿತ್ರಕ್ಕೆ ಆರತಿ. ಪ್ರಸಾದವನ್ನು ಮಾತ್ರ ನಾನು ಬಿಡುತ್ತಿರಲಿಲ್ಲ, ಉರಿಯುವ ಹೊಟ್ಟೆಯಲ್ಲೇ ಎರಡು ಸಲ ಹಾಕಿಸಿಕೊಂಡು ತಿನ್ನುತ್ತಿದ್ದೆ. ಆ ಬೆಟ್ಟದಜ್ಜಿಯ ಮತ್ಸರ ನನಗೆ ಚೆನ್ನಾಗಿ ಅರ್ಥವಾಗುತ್ತಿತ್ತು ಎಂಬುದನ್ನೂ ಹೇಳಬೇಕು. ತನ್ನವರು ಬೇರೆಯವರ ಕಡೆ ಹೋದರೆ ಯಾರಿಗೆ ತಾನೇ ಸಹನೆಯಾಗುತ್ತದೆ?

ನವೆಂಬರ್ ಬಂತು. ಕನ್ನಡದವರ ಕಾರ್ಯಕ್ರಮದಲ್ಲಿ ಮಕ್ಕಳಿಗೆ ಭಾಷಣ ಸ್ಪರ್ಧೆ ಎಂದು ಗೊತ್ತುಮಾಡಿದರು. ವಿಷಯ ‘ನಮ್ಮ ಊರು’. ಇದರಲ್ಲಿ ಒಂದು ಪದ್ಧತಿಯಿತ್ತು: ಭಾಷಣವನ್ನು ಅಪ್ಪ ಅಮ್ಮಂದಿರು ಬರೆಯುತ್ತಾರೆ, ಕನ್ನಡ ಓದಲು ಬಾರದ ಮಕ್ಕಳಿಗಾಗಿ ಅದನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುತ್ತಾರೆ, ಮಕ್ಕಳು ಕಾರಿನಲ್ಲಿ, ಸ್ನಾನದ ಮನೆಯಲ್ಲಿ ಗಿಳಿಯಂತೆ ಒಪ್ಪಿಸುತ್ತಾರೆ. ತಾವೆಂದೂ ಬದುಕದ ಊರುಗಳ ಕೆರೆ, ಕೋಟೆ, ತಿಂಡಿಗಳ ಬಗ್ಗೆ ಹತ್ತಾರು ಮಕ್ಕಳು ಹೆಮ್ಮೆಪಡುತ್ತಾರೆ. ಅಮ್ಮ ನನಗೆ ಅರಮನೆ, ದಸರಾ, ಮಲ್ಲಿಗೆ, ಮೈಸೂರು ಪಾಕು ಎಲ್ಲ ತುಂಬಿದ ಎರಡು ಪುಟ ಬರೆದುಕೊಟ್ಟಳು. ಅಜ್ಜಿಗೆ ಓದಿ ಹೇಳಿದಳು. ಇದರ ಜೊತೆ ಸೇರಿಸಲು ಅಜ್ಜಿ ಏನಾದರೂ ಹೇಳಿಯಾಳು, ತನ್ನ ಮನೆ ಯಾವ ಬೀದಿಯಲ್ಲಿತ್ತು ಎಂದಾದರೂ ಹೇಳಿಯಾಳು ಎಂದು ಆಸೆಪಟ್ಟೆ. ಚೆನ್ನಾಗಿದೆ ಎಂದಳು, ಅಷ್ಟೆ. ಮರುದಿನ ಅಪ್ಪನ ಕೈಲಿ ಕಾರ್ಯಕ್ರಮದವರಿಗೆ ಫೋನ್ ಮಾಡಿಸಿ, ನಮ್ಮನೇಲಿ ಇನ್ನೊಂದು ಹುಡುಗಿ ಇದ್ದಾಳೆ, ಅವಳನ್ನೂ ಸೇರಿಸಿಕೊಳ್ಳಿ ಎಂದು ಹೇಳಿಸಿದಳು.

ಪಾರ್ಕ್‌ಲ್ಯಾಂಡ್ಸ್‌ನ ದೇವಸ್ಥಾನದ ಹಾಲ್ ತುಂಬಿತ್ತು. ನನ್ನ ಸರದಿ ಬಂದಾಗ ಒಂದು ಅಕ್ಷರ ತಪ್ಪದೆ ಒಪ್ಪಿಸಿದೆ. ಆಗ ತೀರ್ಪುಗಾರರಾಗಿದ್ದ ಒಬ್ಬ ಅಂಕಲ್, ಮಗುವನ್ನು ಪ್ರೋತ್ಸಾಹಿಸುವ ಧಾಟಿಯಲ್ಲೇ, ಒಂದು ಪ್ರಶ್ನೆ ಕೇಳಿದರು.

‘ಭಾಳ ಚೆನ್ನಾಗಿ ಹೇಳ್ದೆ. ಮೈಸೂರಲ್ಲಿ ನಿಮ್ಮನೆ ಎಲ್ಲಿ ಬರತ್ತಮ್ಮ?’

‘ಹೈರಿಡ್ಜ್,’ ಎಂದೆ. ‘ಶಾಪಿಂಗ್ ಸೆಂಟರ್ ಹಿಂದೆ.’

ಹಾಲ್‌ಗೆ ಹಾಲೇ ನಕ್ಕಿತು. ಕೆಟ್ಟ ನಗು ಏನಲ್ಲ, ಆದರೆ ನಗು ನಗುವೇ. ಮನೆ ಎಲ್ಲಿ ಎಂದರೆ ಬಾಯಿಗೆ ಬಂದದ್ದು ಅದು, ನನಗೆ ಗೊತ್ತಿದ್ದದ್ದೂ ಅದೊಂದೇ. ಕೆಳಗಿಳಿದು ಅಮ್ಮನ ಪಕ್ಕ ಕೂತೆ, ಅಮ್ಮ ನನ್ನ ಬೆನ್ನು ಸವರಿದಳು, ಅವಳ ಭುಜವೂ ನಗುವಿನಿಂದ ಅಲ್ಲಾಡುತ್ತಿತ್ತು. ಕೊನೆಗೆ ಸೊಮಿನ್‌ಳನ್ನು ಕರೆದರು. ಅಜ್ಜಿ ಅವಳಿಗೆ ನನ್ನ ಹಳೆಯ ಹಸಿರು ಲಂಗ ತೊಡಿಸಿ ಹೂ ಮುಡಿಸಿದ್ದಳು. ಅವಳ ಕೈಯಲ್ಲಿ ಕಾಗದ ಇರಲಿಲ್ಲ. ಅವಳು ಹೇಳಿದ್ದು ಸ್ವಲ್ಪವೇ, ಇಷ್ಟು ವರ್ಷವಾದರೂ ಅದು ನನಗೆ ಹಾಗೆಯೇ ನೆನಪಿದೆ.

‘ನಮ್ಮೂರು ಯೊಂಗ್‌ದೊ. ಅಲ್ಲಿ ಒಂದು ಸೇತುವೆ ಇದೆ. ಯುದ್ಧ ಬಂದಾಗ ಜನ ಎಲ್ಲಾ ಕಡೆಯಿಂದ ಓಡಿ ಬಂದ್ರು. ಓಡೋ ಮುಂಚೆ ಎಲ್ಲರೂ ಹೇಳ್ಕೊಂಡಿದ್ರು, ತಪ್ಪಿಸ್ಕೊಂಡ್ರೆ ಆ ಸೇತುವೆ ಹತ್ರ ಬಾ ಅಂತ. ಬೇರೆ ಜಾಗದ ಹೆಸರು ಯಾರಿಗೂ ಗೊತ್ತಿರ್ಲಿಲ್ಲ. ನಮ್ಮಜ್ಜಿ ಬಂದ್ಲು. ದಿನಾ ಹೋಗಿ ನಿಂತ್ಕೊಂಡ್ಲು. ಸೇತುವೆ ಕೆಳಗೆ ಶಾಸ್ತ್ರ ಹೇಳೋರು ಕೂತಿರ್ತಿದ್ರು. ನಾಳೆ ಬರ್ತಾರೆ ಅಂತ ಹೇಳಿದ್ರು. ಯಾರೂ ಬರ್ಲಿಲ್ಲ. ಆಮೇಲೆ ಅಲ್ಲೇ ಮನೆ ಮಾಡಿದ್ಲು. ಅದಕ್ಕೇ ಅದು ನಮ್ಮೂರು.’

ಯಾರೂ ಪ್ರಶ್ನೆ ಕೇಳಲಿಲ್ಲ. ಮುಂದಿನ ಸಾಲಿನ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಮೊದಲ ಬಹುಮಾನದ ಸ್ಟೀಲ್ ಡಬ್ಬಿ ಅವಳಿಗೆ ಬಂತು, ನನಗೆ ಎಲ್ಲರಿಗೂ ಕೊಟ್ಟ ಪೆನ್ನು. ಎಲ್ಲರೂ ಬಂದು ಅಜ್ಜಿಯ ಕೈ ಕುಲುಕಿದರು, ಹೇಗೆ ತಯಾರು ಮಾಡಿದ್ದೀರಿ ಅಜ್ಜಿ ಎಂದರು. ಅಜ್ಜಿ ಸೊಮಿನ್‌ಳ ತಲೆಯ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಳು. ಆ ಕೈಯನ್ನು ಕಿತ್ತು ನನ್ನ ತಲೆಯ ಮೇಲೆ ಇಟ್ಟುಕೊಳ್ಳಬೇಕು ಅನ್ನಿಸಿತು. ಸೊಮಿನ್‌ಳ ಮೇಲೆ ನನಗೆ ಬಂದ ಹೊಟ್ಟೆಕಿಚ್ಚಿಗೆ ನಾನು ಇವತ್ತಿಗೂ ನಾಚಿಕೆಪಡುವುದಿಲ್ಲ, ನನ್ನ ಜಾಗದಲ್ಲಿ ಯಾರಿದ್ದರೂ ಹೊಟ್ಟೆಕಿಚ್ಚು ಪಡುತ್ತಿದ್ದರು.

ಮಾರನೆಯ ಮಧ್ಯಾಹ್ನ ಸೊಮಿನ್ ಎಂದಿನಂತೆ ಬಂದಳು. ಡಬ್ಬಿಯನ್ನು ಅಜ್ಜಿಗೇ ಕೊಡಲು ತಂದಿದ್ದಳು. ಅಜ್ಜಿ ಅದನ್ನು ತೊಳೆದು, ಒರೆಸಿ, ಇದರಲ್ಲಿ ಚಕ್ಕುಲಿ ಹಾಕಿಡೋಣ ಎಂದಳು, ಇಬ್ಬರೂ ಹಿಟ್ಟು ಕಲಸಲು ಕೂತರು. ಕೂತವಳೇ ಅಜ್ಜಿ ಸೊಮಿನ್‌ಗೆ, ನಿನ್ನೆ ಹೇಳಿದೆಯಲ್ಲ ಆ ಶಾಸ್ತ್ರದವರ ವಿಷಯ ನನಗೆ ಹೇಳೇ ಇರಲಿಲ್ಲವಲ್ಲೇ, ಅವರು ಕೈ ನೋಡುತ್ತಿದ್ದರೋ ಜಾತಕ ನೋಡುತ್ತಿದ್ದರೋ ಎಂದು ಶುರುಮಾಡಿದಳು. ನನಗೆ ತಡೆಯಲಾಗಲಿಲ್ಲ. ಎದ್ದು ನಿಂತು ಇಂಗ್ಲಿಷಿನಲ್ಲಿ ಕಿರುಚಿದೆ, ಏನೇನೋ ಅಂದೆ. ಅಜ್ಜಿ ಹಿಟ್ಟಿನ ಕೈ ಎತ್ತಿ ಹಿಡಿದು ನನ್ನನ್ನೇ ನೋಡಿದಳು. ಅವಳಿಗೆ ಒಂದು ಮಾತೂ ಅರ್ಥವಾಗುತ್ತಿಲ್ಲ ಎಂಬುದು ನನಗೆ ಅಷ್ಟು ಹೊತ್ತಿಗೆ ಹೊಳೆಯಿತು. ನನ್ನ ಸಿಟ್ಟೂ ಅವಳಿಗೆ ತಲುಪುವುದಿಲ್ಲ ಅನ್ನಿಸಿ ಅಳು ಬಂತು. ಅಳುತ್ತಲೇ ಸಿಕ್ಕ ಸಿಕ್ಕ ಪದ ಹಿಡಿದು ಕನ್ನಡದಲ್ಲಿ ಹೇಳಿದೆ.

‘ಅವಳನ್ನ ಎಲ್ಲಾ ಕೇಳ್ತೀಯ. ನನಗೆ ಏನೂ ಹೇಳಲ್ಲ. ಮೈಸೂರು ಹೇಳಲ್ಲ. ಎಲ್ಲರಿಗೂ ಊರು ಇದೆ. ನನಗೆ ಇಲ್ಲ. ನೀನು ಕೊಡಲಿಲ್ಲ.’

ಅಜ್ಜಿ ಕೈ ತೊಳೆದುಕೊಂಡು ಬಂದು, ನನ್ನ ರಟ್ಟೆ ಹಿಡಿದು ಬಾಲ್ಕನಿಗೆ ಕರೆದುಕೊಂಡು ಹೋದಳು. ಸೊಮಿನ್ ಹಿಂದೆಯೇ ಬಂದು ಹೊಸ್ತಿಲಲ್ಲಿ ನಿಂತಳು. ಅಜ್ಜಿಯ ದನಿಯಲ್ಲಿ ನಾನು ಅದುವರೆಗೆ ಕೇಳಿರದ ಒಂದು ಕೋಪವಿತ್ತು.

‘ಮೈಸೂರು ನನಗೆ ಗೊತ್ತು ಕಣೇ. ಗೊತ್ತಿರೋದನ್ನ ನೆನೆಸ್ಕೊಂಡು ಅಳೋಕೆ ನಾನು ಇಲ್ಲಿಗೆ ಬಂದಿಲ್ಲ. ನಾನು ಈಗ ಇರೋದು ಇಲ್ಲಿ. ಈ ಜಾಲರಿ ಹಿಡ್ಕೊಂಡು ದಿನಾ ನಿಂತಿರ್ತೀನಿ. ಆ ರಸ್ತೆ ಎಲ್ಲಿಗೆ ಹೋಗತ್ತೆ, ಆ ನೇರಳೆ ಹೂವಿನ ಮರ ಯಾವುದು, ಆ ಮಟಾಟು ಬಸ್ಸಿನ ಬಾಗಿಲಲ್ಲಿ ನೇತಾಡ್ತಾನಲ್ಲ ಆ ಹುಡುಗ ಏನಂತ ಕೂಗ್ತಾನೆ, ಇಷ್ಟು ದಿನದಲ್ಲಿ ಒಬ್ಬರು ಹೇಳಿದ್ರಾ ನನಗೆ? ನಿಮ್ಮಪ್ಪ ಹೇಳಿದ್ನಾ, ನೀನು ಹೇಳಿದ್ಯಾ? ಆ ಮಗು ತನ್ನೂರು ಹೇಳ್ತು, ನಾನು ಕೇಳ್ದೆ. ಅವರಜ್ಜಿನೂ ಎಲ್ಲಿಂದಲೋ ಓಡಿ ಬಂದೋಳೇ. ನೀನು ಇಲ್ಲೇ ಹುಟ್ಟಿದೋಳು. ಇದು ನಿನ್ನೂರು. ಊರು ಇಟ್ಕೊಂಡು ನನಗೆ ಹೇಳದೇ ಇರೋಳು ನೀನು.’

ಆಮೇಲೆ ಮೋಡ ಸರಿದಂತೆ ದನಿ ತಗ್ಗಿಸಿ, ಅಲ್ಲೇ ಇದ್ದ ಸ್ಟೂಲಿನ ಮೇಲೆ ಕೂತು, ‘ಈಗ ಹೇಳು’ ಎಂದಳು.

ಹೇಳಲು ಬಾಯಿ ತೆರೆದೆ, ಇಂಗ್ಲಿಷ್ ಬಂತು, ಮುಚ್ಚಿದೆ. ಮತ್ತೆ ತೆರೆದೆ. ನಮ್ಮೂರು ಹೈರಿಡ್ಜ್ ಎಂದೆ. ಹಾಗಂದರೆ ಏನು ಎಂದಳು ಅಜ್ಜಿ. ಹೈ ಎಂದರೆ ಎತ್ತರ ಎಂದೆ, ರಿಡ್ಜ್ ಎಂಬುದಕ್ಕೆ ಏನೂ ತೋಚದೆ ಅಂಗೈಯನ್ನು ಗುಬುಟು ಮಾಡಿ ತೋರಿಸಿದೆ. ಹೊಸ್ತಿಲಿನಿಂದ ಸೊಮಿನ್ ಮೆಲ್ಲಗೆ ‘ದಿಬ್ಬ’ ಎಂದಳು. ಅವಳ ಊರೆಲ್ಲ ದಿಬ್ಬಗಳೇ, ಅವಳಿಗೆ ಆ ಮಾತು ಬಾರದೆ ಇದ್ದೀತೇ. ನನ್ನ ಊರಿನ ಹೆಸರಿಗೆ ಅವಳಿಂದ ಪದ ತೆಗೆದುಕೊಳ್ಳಬೇಕೇ ಎಂದು ಕಿವಿಯವರೆಗೆ ಬಿಸಿಯೇರಿತು. ಆದರೆ ಅಜ್ಜಿ ಕಾಯುತ್ತಿದ್ದಳು. ದಿಬ್ಬ ಎಂದೆ. ಎತ್ತರದ ದಿಬ್ಬ, ಆ ಕಡೆ ಇಳಿದರೆ ಹೊಳೆ, ಈ ಕಡೆ ಕಾಡು, ಕಾಡಿನಲ್ಲಿ ಕೋತಿ. ಮೊದಲು ಇಲ್ಲೆಲ್ಲ ಬಿಳಿಯರು ಮಾತ್ರ ಇರಬಹುದಿತ್ತಂತೆ, ನಮ್ಮಂಥವರು ಆಮೇಲೆ ಒಬ್ಬೊಬ್ಬರೇ ಬಂದು ಸೇರಿದರಂತೆ ಎಂದು ಶಾಲೆಯಲ್ಲಿ ಹೇಳಿದ್ದನ್ನು ಹೇಳಿದೆ. ಬಿಳಿಯರಿಗೂ ಮೊದಲು ಇದು ಮುತೋನಿಯವರ ಜನ ಕಾಳು ಬೆಳೆಯುತ್ತಿದ್ದ ನೆಲ ಎಂದೂ ಹೇಳಿದೆ. ಆ ಹುಡುಗ ಟೌನಿಗೆ, ಟೌನಿಗೆ ಎಂದು ಕೂಗುವುದು. ಆ ಮರ ಜಕರಂಡ, ಅದರ ಹೂವು ಉದುರಿದಾಗ ಮೆಟ್ಟಿಲ ಮೇಲೆ ನಾನು ಜಾರಿ ಬಿದ್ದು ಗದ್ದಕ್ಕೆ ಹೊಲಿಗೆ ಹಾಕಿಸಿಕೊಂಡದ್ದು. ಕ್ರಿಯಾಪದಗಳು ದಿಕ್ಕಾಪಾಲಾಗಿದ್ದವು. ಅಜ್ಜಿ ಸ್ಟೂಲನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡು, ನನ್ನ ಗದ್ದ ಎತ್ತಿ, ಹೊಲಿಗೆಯ ಗುರುತನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಇದು ನನಗೆ ಗೊತ್ತೇ ಇರಲಿಲ್ಲವಲ್ಲೇ ಎಂದಳು.

ಆಗ ಸೊಮಿನ್ ಚಪ್ಪಲಿ ಮೆಟ್ಟಿಕೊಳ್ಳುತ್ತಿರುವುದು ಕಾಣಿಸಿತು. ಮನೆಗೆ ಹೋಗ್ತೀನಿ ಎಂದಳು. ಅವಳ ಮನೆಗೆ ಬೀಗ, ಅವಳಮ್ಮ ಬರಲು ಇನ್ನೂ ಎಷ್ಟೋ ಹೊತ್ತಿತ್ತು. ಅವಳು ನೋಡುತ್ತಿದ್ದದ್ದು ನನ್ನ ಗದ್ದದ ಮೇಲಿದ್ದ ಆ ಕೈಯನ್ನು. ತುಟಿ ಬಿಗಿದಿತ್ತು, ಕಣ್ಣು ಕೆಂಪಾಗಿತ್ತು. ಆ ಮುಖ ಯಾವುದು ಎಂದು ಹೈರಿಡ್ಜ್‌ನಲ್ಲಿ ನನಗಿಂತ ಚೆನ್ನಾಗಿ ಬಲ್ಲವರು ಯಾರೂ ಇರಲಿಲ್ಲ. ಒಂದು ಗಳಿಗೆ ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು, ಹೋಗಲಿ ಬಿಡು ಅಂದುಕೊಂಡೆ. ‘ಆಮೇಲೆ?’ ಎಂದಳು ಅಜ್ಜಿ ನನಗೆ. ಹೊಳೆಗೆ ಇಳಿಯುವ ಆ ಕಡಿದಾದ ಕಾಲುದಾರಿಯ ಬಗ್ಗೆ ಹೇಳಬೇಕಿತ್ತು, ಅದಕ್ಕೆ ಬೇಕಾದ ಒಂದು ಮಾತೂ ನನ್ನಲ್ಲಿರಲಿಲ್ಲ.

‘ಹೋಗ್ಬೇಡ, ಕೂತ್ಕೊ,’ ಎಂದೆ ಸೊಮಿನ್‌ಗೆ, ಅವಳ ಮುಖ ನೋಡದೆ. ‘ನನಗೆ ಮುಂದಿಂದು ಹೇಳೋಕೆ ಬರಲ್ಲ.’